ಹನ್ನೆರಡರಲ್ಲಿ ಉಳಿದದ್ದು ಎರಡು

2023ರವರೆಗೆ ನಮ್ಮ ಮನೆಯಲ್ಲಿ ನವೆಂಬರ್ ಕೊನೆಯ ವಾರ ಮಾತುಕತೆ ಸ್ವಲ್ಪ ಕಡಿಮೆ ಇರ್ತಿತ್ತು. ಜಗಳ ಅಂತೇನಲ್ಲ. ನನ್ನ ಹೆಂಡತಿ ಎಂ.ಎಸ್. ಮಾಡಿದ್ದು ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್‌ನಲ್ಲಿ. ನಾನು ಮಾಡಿದ್ದು ಅದೇ ರಾಜ್ಯದ ಇನ್ನೊಂದು ತುದಿಯಲ್ಲಿರುವ ಪುಲ್‌ಮನ್ ಎಂಬ ಪುಟ್ಟ ಊರಿನ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯಲ್ಲಿ. ಅವಳದು ನೇರಳೆ ಅಂಗಿ, ನನ್ನದು ಕಡುಗೆಂಪು. ವರ್ಷವಿಡೀ ಒಂದೇ ಕುಕ್ಕರಿನ ಅನ್ನ ಉಣ್ಣುವ ನಾವು ಆ ವಾರ ಮಾತ್ರ ಎರಡು ಪಾರ್ಟಿ. ಯಾಕಂದ್ರೆ ಎರಡೂ ಯೂನಿವರ್ಸಿಟಿಗಳ ಫುಟ್‌ಬಾಲ್ ಪಂದ್ಯ ಇರ್ತಿದ್ದದ್ದು ಆವಾಗಲೇ. ಅದಕ್ಕೆ ಆಪಲ್ ಕಪ್ ಅಂತಾರೆ. ಈ ಎರಡು ತಂಡಗಳು ಮೊದಲ ಸಲ ಎದುರಾಗಿದ್ದು 1900ರಲ್ಲಿ.

ಈಗ ಆ ಪಂದ್ಯ ನವೆಂಬರ್‌ನಲ್ಲಿ ಇಲ್ಲ. ಅದು ಹೇಗೆ ಜಾಗ ಕಳ್ಕೊಂಡಿತು, ಆ ಕೊನೆಯ ಸೀಸನ್ ನನ್ನ ಕೈಯಲ್ಲಿ ಏನು ಮಾಡಿಸಿತು ಅನ್ನೋದನ್ನ ಇವತ್ತು ಹೇಳ್ತೀನಿ.

ಫುಟ್‌ಬಾಲ್ ಅಂದ ತಕ್ಷಣ ನಿಮಗೆ ಮೆಸ್ಸಿ ನೆನಪಾದರೆ ಅದು ನಿಮ್ಮ ತಪ್ಪಲ್ಲ. ಅಮೆರಿಕದವರ ಫುಟ್‌ಬಾಲ್ ಬೇರೆ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್ಟು, ಕಾಲಿಗಿಂತ ಕೈಗೇ ಜಾಸ್ತಿ ಕೆಲಸ. ನನಗೆ ಅದು ಅರ್ಥವಾಗಿದ್ದು ಕಬಡ್ಡಿಯ ಲೆಕ್ಕದಲ್ಲಿ. ಒಂದು ದಾಳಿ, ಹಿಡಿದು ಬೀಳಿಸು, ಎದ್ದು ನಿಂತು ಮತ್ತೊಂದು ದಾಳಿ. ಹತ್ತು ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ, ಅದಕ್ಕೆ ಡೌನ್ ಅಂತ ಹೆಸರು. ನಾಲ್ಕರಲ್ಲಿ ಆಗದಿದ್ದರೆ ನಿಂತ ಜಾಗದಲ್ಲೇ ಚೆಂಡು ಎದುರಾಳಿಗೆ. ಹಾಗಾಗಿ ಮೂರು ಡೌನ್ ಮುಗಿದ ಮೇಲೆ ಹೆಚ್ಚಿನವರು ರಿಸ್ಕ್ ತಗೊಳ್ಳಲ್ಲ. ದೂರ ಇದ್ದರೆ ಚೆಂಡನ್ನ ಎದುರಾಳಿ ಕಡೆಗೆ ಒದ್ದು ಕಳಿಸ್ತಾರೆ. ಹತ್ತಿರ ಇದ್ದರೆ ಎರಡು ಕಂಬಗಳ ನಡುವೆ ಒದ್ದು ಮೂರು ಅಂಕ ತಗೋತಾರೆ, ಅದು ಫೀಲ್ಡ್ ಗೋಲ್. ನಾಲ್ಕನೇ ಡೌನ್ ಅನ್ನೋ ಮಾತೊಂದನ್ನ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಕಾನ್ಫರೆನ್ಸ್. ಇದು ನಮ್ಮ ಆಫೀಸಿನ ಕಾನ್ಫರೆನ್ಸ್ ಕಾಲ್ ಅಲ್ಲ. ಒಂದು ಸೀಮೆಯ ಯೂನಿವರ್ಸಿಟಿಗಳು ಸೇರಿ ಮಾಡಿಕೊಂಡ ಒಕ್ಕೂಟ. ವರ್ಷಾ ವರ್ಷಾ ಅವರವರಲ್ಲೇ ಆಡ್ತಾರೆ, ಟಿವಿಯಿಂದ ಬಂದ ದುಡ್ಡು ಹಂಚ್ಕೋತಾರೆ. ಪಶ್ಚಿಮ ಕರಾವಳಿಯವರ ಒಕ್ಕೂಟ ಹುಟ್ಟಿದ್ದು 1915ರ ಡಿಸೆಂಬರ್‌ನಲ್ಲಿ, ಪೋರ್ಟ್‌ಲೆಂಡ್ ಊರಿನ ಒಂದು ಹೋಟೆಲಿನಲ್ಲಿ. ಆಗ ಇದ್ದವರು ನಾಲ್ಕೇ ಜನ: ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಒರೆಗಾನ್ ಮತ್ತು ಇವತ್ತು ಒರೆಗಾನ್ ಸ್ಟೇಟ್ ಅಂತ ಕರೆಸಿಕೊಳ್ಳುವ ಕೃಷಿ ಕಾಲೇಜು. ನಮ್ಮ ವಾಷಿಂಗ್ಟನ್ ಸ್ಟೇಟ್ ಸೇರಿದ್ದು 1917ರಲ್ಲಿ. ಮನೆ ಬೆಳೆಯುತ್ತಾ ಹೋಗಿ 2011ರಲ್ಲಿ ಹನ್ನೆರಡಾಯಿತು. ಹೆಸರು ಪ್ಯಾಕ್-12.

ನಾನು ತಿಪಟೂರು ತಾಲ್ಲೂಕಿನವನು. ತೆಂಗಿನ ತೋಟದ ನೆರಳಲ್ಲಿ ಬೆಳೆದವನು ಆಗಸ್ಟ್ ತಿಂಗಳಲ್ಲಿ ಪುಲ್‌ಮನ್‌ನಲ್ಲಿ ಇಳಿದಾಗ ಕಣ್ಣು ಹಾಯಿಸಿದಷ್ಟು ದೂರ ಗೋಧಿ. ಗುಡ್ಡದ ಮೇಲೆ ಗುಡ್ಡ, ಎಲ್ಲವೂ ಕೊಯ್ಲಿಗೆ ಬಂದ ಬಂಗಾರದ ಬಣ್ಣ. ಮರ ಅನ್ನೋದು ಹುಡುಕಿದರೆ ಸಿಗಬೇಕು. ಊರಿನ ಜನಸಂಖ್ಯೆ ಸುಮಾರು ಮೂವತ್ತೆರಡು ಸಾವಿರ, ಸ್ಟೇಡಿಯಂನಲ್ಲಿ ಸೀಟುಗಳೂ ಹತ್ತಿರ ಹತ್ತಿರ ಅಷ್ಟೇ. ಅಂದ್ರೆ ಪಂದ್ಯದ ದಿನ ಇಡೀ ಊರನ್ನೇ ಎತ್ತಿ ಒಳಗೆ ಕೂರಿಸಬಹುದು. ಯೂನಿವರ್ಸಿಟಿಯವರೇ ಚೀಸ್ ಮಾಡಿ ತಗಡಿನ ಡಬ್ಬಿಯಲ್ಲಿ ಮಾರ್ತಾರೆ. ಮೊದಲ ಸಲ ನೋಡಿ ನಕ್ಕಿದ್ದೆ. ಈಗ ನಮ್ಮ ಫ್ರಿಜ್‌ನಲ್ಲಿ ಯಾವಾಗಲೂ ಒಂದು ಡಬ್ಬಿ ಇರುತ್ತೆ.

ತಂಡದ ಹೆಸರು ಕೂಗರ್ಸ್, ಅಂದ್ರೆ ಬೆಟ್ಟದ ಸಿಂಹಗಳು. ಪ್ರೀತಿಯಿಂದ ಕೂಗ್ಸ್. 'ಗೋ ಕೂಗ್ಸ್' ಅನ್ನೋದು ಅಲ್ಲಿಯ ನಮಸ್ಕಾರ. ಕನ್ನಡದ ಕಿವಿಗೆ ಅದು 'ಹೋಗಿ ಕೂಗು' ಅಂದ ಹಾಗೆ ಕೇಳುತ್ತೆ, ಮಾಡೋದೂ ಅದನ್ನೇ. ಒಮ್ಮೆ ಊರಿಗೆ ಬರುವಾಗ ಫ್ರಾಂಕ್‌ಫರ್ಟ್ ಏರ್‌ಪೋರ್ಟಿನಲ್ಲಿ ನನ್ನ ಟೋಪಿ ನೋಡಿ ಅಪರಿಚಿತ ಅಜ್ಜ ಒಬ್ಬರು ಹತ್ತಿರ ಬಂದು 'ಗೋ ಕೂಗ್ಸ್' ಅಂದು ಹೊರಟೇ ಹೋದರು. ಪರದೇಶದಲ್ಲಿ ಯಾರೋ 'ಯಾವೂರಪ್ಪಾ ನಿಂದು' ಅಂತ ಕೇಳಿದಷ್ಟೇ ಖುಷಿ ಆಯ್ತು. ಇನ್ನೊಂದು ವಿಷಯ. ಕಾಲೇಜ್ ಫುಟ್‌ಬಾಲ್ ಬಗ್ಗೆ ಪ್ರತಿ ಶನಿವಾರ ಬೆಳಿಗ್ಗೆ ದೊಡ್ಡ ಟಿವಿ ಕಾರ್ಯಕ್ರಮ ಒಂದು ಬರುತ್ತೆ, ವಾರಕ್ಕೊಂದು ಊರಿನಿಂದ. 2003ರಿಂದ ಇವತ್ತಿನವರೆಗೆ, ಅದು ದೇಶದ ಯಾವ ಮೂಲೆಯಲ್ಲಿ ನಡೆದರೂ, ಹಿಂದಿನ ಜನಜಂಗುಳಿಯಲ್ಲಿ ವಾಷಿಂಗ್ಟನ್ ಸ್ಟೇಟ್‌ನ ಬಾವುಟ ಒಂದು ಹಾರ್ತಾ ಇರುತ್ತೆ. ನಮ್ಮ ತಂಡಕ್ಕೂ ಆ ವಾರದ ಪಂದ್ಯಕ್ಕೂ ಸಂಬಂಧವೇ ಇರಲ್ಲ. ಹಳೇ ವಿದ್ಯಾರ್ಥಿಗಳು ಕೈಯಿಂದ ಕೈಗೆ ಬಾವುಟ ದಾಟಿಸುತ್ತಾ ಬಂದಿದ್ದಾರೆ, ಅಷ್ಟೇ.

ಈಗ 2023ಕ್ಕೆ ಬರೋಣ.

ಒಡಕು ಶುರುವಾಗಿದ್ದು ಅದಕ್ಕೂ ಒಂದು ವರ್ಷ ಮೊದಲು. 2022ರ ಜೂನ್ 30ರಂದು ಲಾಸ್ ಏಂಜಲೀಸ್‌ನ ಎರಡು ದೊಡ್ಡ ಯೂನಿವರ್ಸಿಟಿಗಳು, ಯು.ಎಸ್.ಸಿ. ಮತ್ತು ಯು.ಸಿ.ಎಲ್.ಎ., 'ನಾವು 2024ಕ್ಕೆ ಬಿಗ್ ಟೆನ್ ಒಕ್ಕೂಟಕ್ಕೆ ಹೋಗ್ತೀವಿ' ಅಂದುಬಿಟ್ಟವು. ಬಿಗ್ ಟೆನ್ ಅಂದ್ರೆ ದೇಶದ ನಡುಭಾಗದವರು. ಆ ಆಗಸ್ಟ್‌ನಲ್ಲಿ ಅವರಿಗೆ ಏಳು ವರ್ಷಕ್ಕೆ ಏಳು ಬಿಲಿಯನ್ ಡಾಲರ್‌ಗೂ ಮೀರಿದ ಟಿವಿ ಒಪ್ಪಂದ ಸಿಕ್ಕಿತು. ನಮ್ಮ ಪ್ಯಾಕ್-12ರ ಟಿವಿ ಒಪ್ಪಂದ 2024ಕ್ಕೆ ಮುಗಿಯುವುದರಲ್ಲಿತ್ತು, ಹೊಸದು ಕುದುರುತ್ತಿರಲಿಲ್ಲ. ಲಾಸ್ ಏಂಜಲೀಸ್‌ನವರೇ ಇಲ್ಲ ಅಂದ ಮೇಲೆ ಯಾರು ದೊಡ್ಡ ದುಡ್ಡು ಕೊಡ್ತಾರೆ? 2023ರ ಜುಲೈ ಕೊನೆಯಲ್ಲಿ ಕೊಲರಾಡೊ ಎದ್ದು ಬಿಗ್ 12 ಕಡೆ ಹೊರಟಿತು. ಆಗ ಮೇಜಿನ ಮೇಲೆ ಉಳಿದಿದ್ದು ಆ್ಯಪಲ್ ಕಂಪನಿಯ ಸ್ಟ್ರೀಮಿಂಗ್ ಪ್ರಸ್ತಾಪ ಒಂದೇ. ಎಷ್ಟು ಜನ ಚಂದಾ ಕಟ್ತಾರೋ ಅದರ ಮೇಲೆ ಆದಾಯ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಫಿಕ್ಸೆಡ್ ಕಡಿಮೆ, ವೇರಿಯಬಲ್ ಜಾಸ್ತಿ.

ಆಗಸ್ಟ್ 4, ಶುಕ್ರವಾರ. ಅವತ್ತು ಬೆಳಿಗ್ಗೆ ಉಳಿದ ಒಂಬತ್ತು ಜನ ಕೂತು ಸಹಿ ಹಾಕ್ತಾರೆ ಅನ್ನೋ ಸುದ್ದಿ ಇತ್ತು. ನಾನು ಆಫೀಸಿನಲ್ಲಿದ್ದೆ. ಮಧ್ಯಾಹ್ನದ ಹೊತ್ತಿಗೆ ಫೋನು ಒಂದೇ ಸಮ ನಡುಗಲು ಶುರುವಾಯಿತು. ವಾಷಿಂಗ್ಟನ್ ಮತ್ತು ಒರೆಗಾನ್ ಬಿಗ್ ಟೆನ್‌ಗೆ, ಅದೂ ಪೂರ್ತಿ ಪಾಲಲ್ಲ, ಕಡಿಮೆ ಪಾಲಿಗೆ. ಸಂಜೆಯೊಳಗೆ ಅರಿಜೋನಾ, ಅರಿಜೋನಾ ಸ್ಟೇಟ್, ಯೂಟಾ ಮೂರೂ ಬಿಗ್ 12ಕ್ಕೆ. ಸೆಪ್ಟೆಂಬರ್ 1ಕ್ಕೆ ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ಕೂಡ ಗಂಟು ಕಟ್ಟಿದವು. ಅವರು ಸೇರಿದ್ದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್! ಪೆಸಿಫಿಕ್ ಸಮುದ್ರದ ಪಕ್ಕ ಇರೋರು ಅಟ್ಲಾಂಟಿಕ್ ಕರಾವಳಿಯ ಒಕ್ಕೂಟದಲ್ಲಿ. 2024ಕ್ಕೆ ಬಿಗ್ ಟೆನ್‌ನಲ್ಲಿ ಹದಿನೆಂಟು ತಂಡ, ಬಿಗ್ 12ರಲ್ಲಿ ಹದಿನಾರು. ಹೆಸರಿಗೂ ಲೆಕ್ಕಕ್ಕೂ ಸಂಬಂಧವೇ ಉಳಿಯಲಿಲ್ಲ.

ಹನ್ನೆರಡರಲ್ಲಿ ಹತ್ತು ಹೋದವು. ಉಳಿದದ್ದು ಎರಡು: ಒರೆಗಾನ್ ಸ್ಟೇಟ್ ಮತ್ತು ನಮ್ಮ ವಾಷಿಂಗ್ಟನ್ ಸ್ಟೇಟ್. ಯಾರೂ ಕರೆಯಲಿಲ್ಲ. ಸಣ್ಣ ಊರು, ಸಣ್ಣ ಟಿವಿ ಮಾರುಕಟ್ಟೆ.

ಅದೇ ವಾರ ಊರಿಂದ ಅಣ್ಣ ಫೋನ್ ಮಾಡಿದ. "ಚಿಕ್ಕಪ್ಪಂದಿರು ಪಾಲು ಕೇಳ್ತಾವ್ರೆ ಕಣೋ."

ಅಪ್ಪ ಇದ್ದಷ್ಟು ದಿನ ತೋಟ ಒಟ್ಟಿಗೇ ಇತ್ತು. ಇಬ್ಬರು ಚಿಕ್ಕಪ್ಪಂದಿರೂ ಬೆಂಗಳೂರಲ್ಲಿ ನೆಲೆ ನಿಂತವರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ಮಕ್ಕಳ ಫೀಸು, ಮನೆ ಸಾಲ ಎಲ್ಲ ಇದೆ. ಪಾಲುಪಟ್ಟಿ ಆಯಿತು, ಅವರು ತಮ್ಮ ಭಾಗ ಮಾರಿದರು. ಕೊಂಡವರು ಬೆಂಗಳೂರಿನ ಒಂದು ಪಾರ್ಟಿ. ನಮ್ಮಿಬ್ಬರ ಭಾಗವನ್ನೂ ಸೇರಿಸಿ ಕೊಟ್ಟರೆ ಒಳ್ಳೆ ರೇಟು ಅಂದರಂತೆ. ಅಣ್ಣ ಅತ್ತಿಗೆ ಅಮ್ಮ ಇರೋದು ಆ ತೋಟದ ಮನೆಯಲ್ಲೇ. ಅಣ್ಣ ಹೇಳಿದ್ದು ಇಷ್ಟೇ: "ನಾನೇನೂ ಹೇಳಲ್ಲ. ನೀನು ಹೂಂ ಅಂದ್ರೆ ಕೊಟ್ಟುಬಿಡಾಣ."

ಸತ್ಯ ಹೇಳ್ತೀನಿ. ನಾನು ಮೊದಲು ಕೇಳಿದ್ದು "ರೇಟು ಎಷ್ಟು?" ಅಂತ. ಸಿಯಾಟಲ್ ಕಡೆ ಮನೆ ಕೊಳ್ಳಬೇಕಾದರೆ ಡೌನ್ ಪೇಮೆಂಟಿಗೇ ಜೀವ ಹೋಗುತ್ತೆ. ಅಣ್ಣ ರೇಟು ಹೇಳಿದ. ನಾನು ಮನಸ್ಸಲ್ಲೇ ಡಾಲರಿಗೆ ಬದಲಾಯಿಸಿ ನೋಡಿದೆ. ಆಮೇಲೆ "ಯೋಚನೆ ಮಾಡಿ ಹೇಳ್ತೀನಿ" ಅಂದೆ. ಯೋಚನೆ ಮಾಡ್ತಾ ಮಾಡ್ತಾ ಮೂರೂವರೆ ತಿಂಗಳು ಹೋಯಿತು.

ಆ ಮೂರೂವರೆ ತಿಂಗಳಲ್ಲಿ ನಡೆದದ್ದೇ ಪ್ಯಾಕ್-12ರ ಕೊನೆಯ ಸೀಸನ್.

ವಿಚಿತ್ರ ಏನು ಗೊತ್ತಾ? ಮುರಿದು ಬಿದ್ದ ಮನೆ ಅಂತ ಎಲ್ಲರೂ ಮರುಗುತ್ತಿದ್ದಾಗ, ಆಟ ಮಾತ್ರ ಎಷ್ಟೋ ವರ್ಷಗಳಲ್ಲಿ ಕಾಣದಷ್ಟು ಚೆನ್ನಾಗಿತ್ತು. ಹಿಂದಿನ ವರ್ಷ ಹನ್ನೆರಡರಲ್ಲಿ ಒಂದೇ ಪಂದ್ಯ ಗೆದ್ದಿದ್ದ ಕೊಲರಾಡೊಗೆ ಡಿಯಾನ್ ಸ್ಯಾಂಡರ್ಸ್ ಕೋಚ್ ಆಗಿ ಬಂದಿದ್ದ. ಸೆಪ್ಟೆಂಬರ್ 2ರಂದು, ಹಿಂದಿನ ಸೀಸನ್ನಿನ ರಾಷ್ಟ್ರೀಯ ರನ್ನರ್-ಅಪ್ ಟಿ.ಸಿ.ಯು. ತಂಡವನ್ನು ಅದರ ಮನೆಯಲ್ಲೇ 45–42ರಿಂದ ಸೋಲಿಸಿ ದೇಶವನ್ನೆಲ್ಲ ಬಾಯಿ ಬಿಡುವಂತೆ ಮಾಡಿದ. ಮುಂದಿನ ವಾರ ನಮ್ಮ ಪುಲ್‌ಮನ್‌ಗೆ ಬಿಗ್ ಟೆನ್‌ನ ವಿಸ್ಕಾನ್ಸಿನ್ ಬಂತು. ನಮ್ಮನ್ನು ಬೇಡ ಅಂದ ಒಕ್ಕೂಟದ ತಂಡ. ನಾವು ಗೆದ್ವಿ, 31–22. ಆ ವಾರದ ದೇಶದ ಟಾಪ್ 25 ಪಟ್ಟಿಯಲ್ಲಿ ಪ್ಯಾಕ್-12ರವೇ ಎಂಟು ತಂಡ!

ಸೆಪ್ಟೆಂಬರ್ 23ಕ್ಕೆ ಉಳಿದುಹೋದ ಇಬ್ಬರು ಎದುರಾದರು, ಪುಲ್‌ಮನ್‌ನಲ್ಲಿ ಒರೆಗಾನ್ ಸ್ಟೇಟ್. ಅಭಿಮಾನಿಗಳೇ ಅದಕ್ಕೆ 'ಪ್ಯಾಕ್-2 ಚಾಂಪಿಯನ್‌ಶಿಪ್' ಅಂತ ಹೆಸರಿಟ್ಟು ನಕ್ಕರು. ನಮ್ಮ ಕ್ವಾರ್ಟರ್‌ಬ್ಯಾಕ್ ಕ್ಯಾಮ್ ವಾರ್ಡ್ ಅವತ್ತು ಮಿಂಚಿದ, 38–35ಕ್ಕೆ ನಾವು ಗೆದ್ವಿ. ನಾಲ್ಕಕ್ಕೆ ನಾಲ್ಕು ಗೆಲುವು. ನಾನು ಕುಣಿದಾಡಿದೆ. ಆಮೇಲೆ ಸಾಲಾಗಿ ಆರು ಸೋಲು. ಕುಣಿದವನು ಸೋಫಾದಲ್ಲಿ ಮುದುರಿ ಕೂತೆ.

ನನ್ನ ಹೆಂಡತಿಯ ತಂಡದ ಕಥೆ ಬೇರೆ. ವಾಷಿಂಗ್ಟನ್ ಸೋಲೋದನ್ನೇ ಮರೆತಿತ್ತು. ಎಡಗೈಯಲ್ಲಿ ಚೆಂಡು ಎಸೆಯುವ ಮೈಕಲ್ ಪೆನಿಕ್ಸ್, ಅದನ್ನ ಗಾಳಿಯಲ್ಲಿ ಕಿತ್ತುಕೊಳ್ಳುವ ರೋಮ್ ಒಡುಂಝೆ. ಅಕ್ಟೋಬರ್ 14ರಂದು ಸಿಯಾಟಲ್‌ನಲ್ಲಿ ಒರೆಗಾನ್ ಜೊತೆ ನಡೆದ ಪಂದ್ಯ ನಾನು ನೋಡಿದ ಅತ್ಯುತ್ತಮ ಪಂದ್ಯಗಳಲ್ಲೊಂದು. ಒರೆಗಾನ್ ಕೋಚ್ ನಾಲ್ಕನೇ ಡೌನ್‌ನಲ್ಲಿ ಮೂರು ಸಲ ರಿಸ್ಕ್ ತಗೊಂಡ, ಮೂರು ಸಲವೂ ಕೆಟ್ಟಿತು. ಕೊನೆಗೆ ಸಮ ಮಾಡಿಕೊಳ್ಳಬಹುದಾಗಿದ್ದ ಫೀಲ್ಡ್ ಗೋಲ್ ಕೂಡ ಕಂಬದಾಚೆ ಹೋಯಿತು. ವಾಷಿಂಗ್ಟನ್ 36, ಒರೆಗಾನ್ 33. ಎರಡೂ ಒಟ್ಟಿಗೇ ಮನೆ ಬಿಟ್ಟು ಹೊರಟ ತಂಡಗಳು!

ನಾವಿಬ್ಬರೂ ಇದರ ಬಗ್ಗೆ ವಾದ ಮಾಡದ ದಿನವೇ ಇರಲಿಲ್ಲ.

"ನಿಮ್ಮೋರು ದುಡ್ಡಿಗೋಸ್ಕರ ನೂರು ವರ್ಷದ ಮನೆ ಮುರಿದ್ರು" ಅಂತ ನಾನು.

"ದುಡ್ಡಿಲ್ಲದೆ ಏನು ನಡೆಯುತ್ತೆ ಹೇಳು" ಅಂತ ಅವಳು. "1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಹಿಟ್ಲರ್ ಮುಂದೆ ಚಿನ್ನ ಗೆದ್ದ ದೋಣಿ ತಂಡ ನಮ್ಮದು. ಅವರ ದೋಣಿಗೆ, ಹುಟ್ಟಿಗೆ, ಕೋಚ್ ಸಂಬಳಕ್ಕೆ ಟಿಕೆಟ್ ಮಾರಿ ದುಡ್ಡು ಬರುತ್ತಾ? ಎಲ್ಲಾ ಈ ಫುಟ್‌ಬಾಲ್ ದುಡ್ಡೇ. ಹಡಗು ಮುಳುಗ್ತಾ ಇದೆ ಅಂದ್ರೆ ಇಳಿಯೋದು ತಪ್ಪಾ?"

"ಇಳಿದಿದ್ದಕ್ಕೇ ಮುಳುಗಿದ್ದು."

"ಮೊದಲು ಇಳಿದಿದ್ದು ನಾವಲ್ಲ, ಲಾಸ್ ಏಂಜಲೀಸ್‌ನವರು." ಒಂದು ನಿಮಿಷ ಸುಮ್ಮನಿದ್ದು ಸೇರಿಸಿದಳು: "ಮತ್ತೆ ನೀನು ಪುಲ್‌ಮನ್ ಬಿಟ್ಟು ಸಿಯಾಟಲ್‌ಗೆ ಯಾಕೆ ಬಂದೆ? ತಿಪಟೂರು ಬಿಟ್ಟು ಪುಲ್‌ಮನ್‌ಗೆ ಯಾಕೆ ಹೋದೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎದ್ದು ಹೋಗಿ ಪಾತ್ರೆ ತೊಳೆದೆ.

ಅಷ್ಟರಲ್ಲಿ ಮನೆಯ ಜಗಳ ಕೋರ್ಟಿಗೆ ಹೋಗಿತ್ತು. ಸೆಪ್ಟೆಂಬರ್‌ನಲ್ಲೇ ಉಳಿದ ಇಬ್ಬರೂ ಸೇರಿ ಕೇಸು ಹಾಕಿದ್ದರು. ಪ್ರಶ್ನೆ ಸರಳ. ಹೋಗ್ತೀನಿ ಅಂತ ಹೇಳಿಯಾದ ಮೇಲೂ ಒಕ್ಕೂಟದ ಆಡಳಿತ ಮಂಡಳಿಯಲ್ಲಿ ಕೂತು, ಉಳಿಯುವವರ ದುಡ್ಡಿನ ಬಗ್ಗೆ ಓಟು ಹಾಕಬಹುದಾ? 2022ರಲ್ಲಿ ಯು.ಎಸ್.ಸಿ., ಯು.ಸಿ.ಎಲ್.ಎ. ಹೊರಟಾಗ ಇದೇ ಉಳಿದವರು 'ಇನ್ನು ನಿಮಗೆ ಓಟಿಲ್ಲ' ಅಂತ ಅವರನ್ನ ಆಚೆ ಕೂರಿಸಿದ್ದರು. ಈಗ ತಮ್ಮ ಸರದಿ ಬಂದಾಗ ಆ ನಿಯಮ ಬೇಡವಾಯಿತು. ಹೊರಟವರ ಪರವಾಗಿ ಕೋರ್ಟಿಗೆ ಬಂದದ್ದು ಯಾರು ಗೊತ್ತಾ? ನನ್ನ ಹೆಂಡತಿಯ ಯೂನಿವರ್ಸಿಟಿ. ಒಂದೇ ರಾಜ್ಯ, ಒಂದೇ ಸರ್ಕಾರದ ಎರಡು ಯೂನಿವರ್ಸಿಟಿಗಳು ಎದುರುಬದುರು. ನಡೆದದ್ದು ಪುಲ್‌ಮನ್‌ನಿಂದ ಅರ್ಧ ಗಂಟೆ ದೂರದ ಕೋಲ್‌ಫ್ಯಾಕ್ಸ್ ಎಂಬ ಊರಿನ ಕೋರ್ಟಿನಲ್ಲಿ. ಸಿಯಾಟಲ್‌ಗೆ ಹೋಗೋ ದಾರಿಯಲ್ಲೇ ಸಿಗುತ್ತೆ, ಓದುವಾಗ ಎಷ್ಟೋ ಸಲ ಅಲ್ಲಿ ಕಾಫಿಗೆ ನಿಲ್ಲಿಸಿದ್ದೇನೆ. ನವೆಂಬರ್ 14ರಂದು ಜಡ್ಜ್ ಉಳಿದ ಇಬ್ಬರ ಪರವಾಗಿ ಆದೇಶ ಕೊಟ್ಟರು. ಡಿಸೆಂಬರ್‌ನಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಅದರಲ್ಲಿ ಕೈ ಹಾಕಲು ಒಪ್ಪಲಿಲ್ಲ, ಆಮೇಲೆ ರಾಜಿ ಆಯಿತು. ಹೆಸರು, ಆಸ್ತಿ, ಸಾಲ ಎಲ್ಲಾ ಉಳಿದವರಿಗೆ.

ಆ ದಿನಗಳಲ್ಲಿ ನಾನು ಹಳೆಯದನ್ನೆಲ್ಲ ತೆಗೆದು ಓದುತ್ತಿದ್ದೆ. ಆಗ ಗೊತ್ತಾಯಿತು, ಈ ಮನೆ ಮುರಿದದ್ದು ಇದೇ ಮೊದಲಲ್ಲ. 1959ರಲ್ಲೂ ಒಮ್ಮೆ ಒಡೆದಿತ್ತು. ಆಗ ದೊಡ್ಡವರು ಐದು ಜನ ಹೊಸ ಕೂಟ ಕಟ್ಟಿಕೊಂಡರು: ಕ್ಯಾಲಿಫೋರ್ನಿಯಾ, ಸ್ಟ್ಯಾನ್‌ಫರ್ಡ್, ಲಾಸ್ ಏಂಜಲೀಸ್‌ನ ಇಬ್ಬರು ಮತ್ತು ವಾಷಿಂಗ್ಟನ್. ಆಚೆ ಉಳಿದವರಲ್ಲಿ ವಾಷಿಂಗ್ಟನ್ ಸ್ಟೇಟ್, ಒರೆಗಾನ್ ಸ್ಟೇಟ್ ಇದ್ದರು, ಒರೆಗಾನ್ ಕೂಡ ಇತ್ತು. ನಮ್ಮನ್ನು ಒಳಗೆ ಕರೆದುಕೊಂಡದ್ದು 1962ರಲ್ಲಿ, ಒರೆಗಾನ್‌ನ ಇಬ್ಬರನ್ನು 1964ರಲ್ಲಿ. ಅಂದು ಹೊಸ್ತಿಲಾಚೆ ಕಾದು ಕೂತಿದ್ದ ಒರೆಗಾನ್ ಈ ಸಲ ಬಿಟ್ಟು ಹೋಗುವವರ ಸಾಲಿನಲ್ಲಿತ್ತು. ಬಿಟ್ಟು ಹೋಗೋರು, ಉಳಿದುಹೋಗೋರು ಅಂತ ಬೇರೆ ಬೇರೆ ಜಾತಿಯ ಜನ ಇರಲ್ಲ. ಒಂದು ಸಲ ಆ ಕಡೆ ಇದ್ದವರು ಇನ್ನೊಂದು ಸಲ ಈ ಕಡೆ ಇರ್ತಾರೆ. ಹೆಂಡತಿ ಕೇಳಿದ ಪ್ರಶ್ನೆಗೆ ಉತ್ತರ ಅಲ್ಲದಿದ್ದರೂ, ನನ್ನ ಸಿಟ್ಟು ಸ್ವಲ್ಪ ಇಳಿಯಿತು.

ನವೆಂಬರ್ 25, ಶನಿವಾರ. ಒಕ್ಕೂಟದ ಮನೆಯಲ್ಲಿ ಕೊನೆಯ ಆಪಲ್ ಕಪ್. ಸಿಯಾಟಲ್‌ನ ಹಸ್ಕಿ ಸ್ಟೇಡಿಯಂ ಇರೋದು ಲೇಕ್ ವಾಷಿಂಗ್ಟನ್ ಸರೋವರದ ದಡದಲ್ಲೇ, ಜನ ದೋಣಿಯಲ್ಲೂ ಪಂದ್ಯಕ್ಕೆ ಬರ್ತಾರೆ. ನಾವು ಬಂದದ್ದು ಟ್ರೈನಿನಲ್ಲಿ. ಎಪ್ಪತ್ತು ಸಾವಿರ ಜನ ಹಿಡಿಯೋ ಜಾಗ, ಎತ್ತ ನೋಡಿದರೂ ನೇರಳೆ. ನೇರಳೆ ಜಾಕೆಟ್ಟಿನ ಹೆಂಡತಿ ಪಕ್ಕದಲ್ಲಿ ಕೆಂಪು ಟೋಪಿಯ ನಾನು, ಮದುವೆ ಮನೆಗೆ ತಪ್ಪಿ ಬಂದವನ ಥರ ಕೂತಿದ್ದೆ. ವಾಷಿಂಗ್ಟನ್ ಹನ್ನೊಂದಕ್ಕೆ ಹನ್ನೊಂದು ಗೆದ್ದಿತ್ತು. ನಾವು ಹನ್ನೊಂದರಲ್ಲಿ ಐದು. ಎಷ್ಟು ಅಂತರದಲ್ಲಿ ಸೋಲ್ತೀವಿ ಅನ್ನೋದೊಂದೇ ಪ್ರಶ್ನೆ ಅಂತ ಎಲ್ಲರೂ ಬರೆದಿದ್ದರು.

ನಾಲ್ಕನೇ ಕ್ವಾರ್ಟರ್‌ನಲ್ಲಿ ಸ್ಕೋರು 21–21.

ಪಂದ್ಯ ಮುಗಿಯಲು ಒಂದು ನಿಮಿಷ ಚಿಲ್ಲರೆ. ಚೆಂಡು ವಾಷಿಂಗ್ಟನ್ ಕೈಯಲ್ಲಿ, ಅವರದೇ 29 ಯಾರ್ಡ್ ಗೆರೆಯ ಮೇಲೆ. ನಾಲ್ಕನೇ ಡೌನ್, ಬೇಕಾಗಿದ್ದು ಒಂದು ಯಾರ್ಡ್. ಯಾರೇ ಆದರೂ ಚೆಂಡನ್ನ ದೂರ ಒದೆಯುವ ಜಾಗ. ಅಲ್ಲಿ ತಪ್ಪಿದರೆ ನಾವು ನಿಂತಲ್ಲಿಂದಲೇ ಫೀಲ್ಡ್ ಗೋಲ್ ಒದ್ದು ಗೆಲ್ಲಬಹುದು, ಅವರ ಇಡೀ ಸೀಸನ್ ಮಣ್ಣುಪಾಲು. ವಾಷಿಂಗ್ಟನ್ ಕೋಚ್ ಕೇಲೆನ್ ಡಿಬೋರ್ ಒದೆಯಲಿಲ್ಲ. ಎಲ್ಲರೂ ನಡುವೆ ನುಗ್ತಾರೆ ಅಂದುಕೊಂಡಾಗ ಚೆಂಡು ಸುತ್ತಿಕೊಂಡು ಓಡಿ ಬಂದ ಒಡುಂಝೆ ಕೈ ಸೇರಿತು. ಇಪ್ಪತ್ತಮೂರು ಯಾರ್ಡ್ ಓಡಿಬಿಟ್ಟ. ಕೊನೆಯ ಕ್ಷಣದಲ್ಲಿ ಗ್ರೇಡಿ ಗ್ರಾಸ್ ಎಂಬ ಕಿಕ್ಕರ್, ಸ್ಕಾಲರ್‌ಶಿಪ್ ಕೂಡ ಇಲ್ಲದೆ ತಂಡದಲ್ಲಿದ್ದ ಹುಡುಗ, 42 ಯಾರ್ಡ್ ದೂರದಿಂದ ಒದ್ದ. ಕಂಬಗಳ ನಡುವೆ ಹೋಯಿತು. 24–21.

ಎಪ್ಪತ್ತು ಸಾವಿರ ಜನ ಮೈದಾನಕ್ಕೆ ನುಗ್ಗಿದ ಹಾಗಾಯಿತು. ಡ್ರೆಸ್ಸಿಂಗ್ ರೂಮಿನಲ್ಲಿ ಕೋಚ್ ಆ ಕಿಕ್ಕರ್‌ಗೆ ಸ್ಕಾಲರ್‌ಶಿಪ್ ಘೋಷಿಸಿದ ವಿಡಿಯೋ ಆಮೇಲೆ ಎಲ್ಲರ ಫೋನಿನಲ್ಲೂ ಹರಿದಾಡಿತು. ಅದನ್ನ ನೋಡಿ, ಹೇಳಲು ನಾಚಿಕೆ, ನನಗೂ ಕಣ್ಣು ತುಂಬಿತು. ನನ್ನ ಹೆಂಡತಿ ಗೆದ್ದವಳು. ಕೂಗಾಡಲಿಲ್ಲ. "ಚೆನ್ನಾಗಿ ಆಡಿದ್ರು ಕಣೋ ನಿಮ್ಮೋರು" ಅಂದಳು. "ಇನ್ನು ಇದು ಹೀಗೆ ಇರಲ್ಲ ಅಲ್ವಾ?"

ಟ್ರೈನಿನ ಕಡೆ ನಡೆಯುತ್ತಾ ಇದ್ದೆವು. ಐದು ಗಂಟೆ ಆಗಿರಲಿಲ್ಲ, ಆಗಲೇ ಕತ್ತಲು. ತಿಪಟೂರಿನಲ್ಲಿ ಭಾನುವಾರ ಬೆಳಿಗ್ಗೆ ಆರು ದಾಟಿರುತ್ತೆ, ಅಣ್ಣ ಹಾಲು ಕರೆದು ಮುಗಿಸಿರುತ್ತಾನೆ. ಫೋನ್ ಮಾಡಿದೆ.

ಏನು ಹೇಳಬೇಕು ಅಂತ ಮೊದಲೇ ಯೋಚನೆ ಮಾಡಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ಹೋಗೋದು ತಪ್ಪಲ್ಲ, ನಾನೂ ಹೋದವನೇ. ಆದರೆ ಹೋದವನು ಉಳಿದವನ ಕಾಲ ಕೆಳಗಿನ ನೆಲದ ಬಗ್ಗೆ ಓಟು ಹಾಕಬಾರದು. ಕೋಲ್‌ಫ್ಯಾಕ್ಸ್‌ನ ಜಡ್ಜ್ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ ಅಲ್ವಾ? 'ನೀನು ಹೂಂ ಅಂದ್ರೆ' ಅಂತ ಅಣ್ಣ ಅಂದಿದ್ದು ಗೌರವಕ್ಕೆ. ನಾನು ಅದನ್ನ ಮೂರೂವರೆ ತಿಂಗಳು ಅಧಿಕಾರ ಅಂತ ಇಟ್ಟುಕೊಂಡಿದ್ದೆ.

"ಅಣ್ಣ, ತೋಟ ಕೊಡೋದು ಬೇಡ. ನಿನಗೆ ಮಾಡಕ್ಕಾಗೋವರೆಗೂ ನೀನೇ ಮಾಡು. ನಿನಗೇ ಸಾಕು ಅನ್ನಿಸಿದ ದಿನ ಹೇಳು, ಆಗ ನೋಡೋಣ."

ಆ ಕಡೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಹಿಂದೆ ಎಲ್ಲೋ ಕರು ಕೂಗಿದ ಸದ್ದು. ಆಮೇಲೆ ಅಣ್ಣ ಅಂದ: "ಹಂಗಾದ್ರೆ ಬೋರ್‌ವೆಲ್ ಮೋಟ್ರು ಸುಟ್ಟೋಗಿ ಹತ್ತು ದಿನ ಆತು. ನೀನು ಏನಂತೀಯೋ ಅಂತ ಕಾಯ್ತಾ ಕೂತಿದ್ದೆ. ದುಡ್ಡು ಕಳ್ಸು."

ನಕ್ಕುಬಿಟ್ಟೆ. ಅವನೂ ನಕ್ಕ. ನಾನು ಹತ್ತು ದಿನದ ಬಗ್ಗೆ ಯೋಚಿಸಿದೆ. ನವೆಂಬರ್ ಬಿಸಿಲಿನಲ್ಲಿ ಹತ್ತು ದಿನ ನೀರಿಲ್ಲದೆ ನಿಂತ ಮರಗಳು. ನನ್ನ 'ಯೋಚನೆ ಮಾಡಿ ಹೇಳ್ತೀನಿ' ಅನ್ನೋದರ ಬೆಲೆ ಅದು.

ಸೀಸನ್ ಮುಂದೆ ಹೇಗೆ ಮುಗಿಯಿತು ಅಂತ ಕೇಳಬೇಡ್ವಾ? ಡಿಸೆಂಬರ್ 1ರಂದು ಲಾಸ್ ವೇಗಸ್‌ನಲ್ಲಿ ಒಕ್ಕೂಟದ ಫೈನಲ್. ವಾಷಿಂಗ್ಟನ್ ಮತ್ತೆ ಒರೆಗಾನ್ ಅನ್ನು ಸೋಲಿಸಿತು, 34–31. ಹೊಸ ವರ್ಷದ ದಿನ ಸೆಮಿಫೈನಲ್‌ನಲ್ಲಿ ಟೆಕ್ಸಸ್ ಎದುರು 37–31. ಜನವರಿ 8ರ ರಾಷ್ಟ್ರೀಯ ಫೈನಲ್‌ನಲ್ಲಿ ಮಾತ್ರ ಮಿಶಿಗನ್ ಎದುರು 34–13ಕ್ಕೆ ಸೋತಿತು. ಮಿಶಿಗನ್ ಬಿಗ್ ಟೆನ್‌ನ ತಂಡ, ಮುಂದಿನ ಸೀಸನ್ನಿಂದ ಇವರದೇ ಹೊಸ ಮನೆಯವರು! ನನ್ನ ಹೆಂಡತಿ ಅವತ್ತು ಊಟ ಮಾಡಲಿಲ್ಲ. ನಾನು ಮೊಸರನ್ನ ಕಲಸಿ ಕೊಟ್ಟೆ. ಅದಾದ ನಾಲ್ಕೇ ದಿನಕ್ಕೆ ಕೋಚ್ ಡಿಬೋರ್ ಅಲಬಾಮಾ ತಂಡಕ್ಕೆ ಹೊರಟ. ಒರೆಗಾನ್ ಸ್ಟೇಟ್‌ನಲ್ಲೇ ಓದಿ, ಆಡಿ, ಅಲ್ಲಿಗೇ ಕೋಚ್ ಆಗಿದ್ದ ಜೊನಾಥನ್ ಸ್ಮಿತ್ ಆಗಲೇ ಮಿಶಿಗನ್ ಸ್ಟೇಟ್ ಸೇರಿದ್ದ. ನಮ್ಮ ಕ್ಯಾಮ್ ವಾರ್ಡ್ ಮಯಾಮಿಗೆ ಹೋದ, 2025ರ ಎನ್.ಎಫ್.ಎಲ್. ಡ್ರಾಫ್ಟ್‌ನಲ್ಲಿ ದೇಶಕ್ಕೇ ಮೊದಲ ಆಯ್ಕೆಯಾದ. ಹೋಗೋರು ಹೋಗ್ತಾನೇ ಇದ್ದರು.

ಚೆನ್ನಾಗಿ ನಡೀತಿರೋದು ಮುರಿಯಲ್ಲ, ಕೆಟ್ಟದ್ದೇ ಮುರಿಯೋದು ಅಂತ ನಾನು ನಂಬಿದ್ದೆ. ಪ್ಯಾಕ್-12 ಆ ನಂಬಿಕೆ ಕಿತ್ತುಹಾಕಿತು. ನಿಮ್ಮಲ್ಲೂ ಎಷ್ಟೋ ಜನ ನೋಡಿರ್ತೀರಿ, ಒಳ್ಳೆ ಕ್ವಾರ್ಟರ್ ಮುಗಿಸಿದ ಮರುವಾರವೇ ಟೀಮು ಚದುರಿಹೋಗೋದನ್ನ. ಫಸಲು ಚೆನ್ನಾಗಿ ಬಂದ ವರ್ಷವೇ ಮನೆ ಪಾಲಾಗಬಹುದು. ಆಟ ಚೆನ್ನಾಗಿ ಆಡಿದ ಮಾತ್ರಕ್ಕೆ ಮನೆ ಉಳಿಯಲ್ಲ. ಉಳಿಸಬೇಕು ಅಂತ ಯಾರಾದರೂ ಕೂತು, ಕಡಿಮೆ ಪಾಲಿಗೆ ಒಪ್ಪಿ, ಮೋಟ್ರು ರಿಪೇರಿ ಮಾಡಿಸಬೇಕು.

2024ರಲ್ಲಿ ಪ್ಯಾಕ್-12 ಎರಡೇ ತಂಡಗಳೊಂದಿಗೆ ನಡೆಯಿತು. ಹಾಗೆ ಇರಲು ನಿಯಮದಲ್ಲಿ ಎರಡು ವರ್ಷ ಅವಕಾಶ ಇದೆ. ಪಕ್ಕದ ಮೌಂಟನ್ ವೆಸ್ಟ್ ಒಕ್ಕೂಟದವರ ಜೊತೆ ಪಂದ್ಯ ಹೊಂದಿಸಿಕೊಂಡರು. ಆಪಲ್ ಕಪ್ ನವೆಂಬರ್‌ನಿಂದ ಸೆಪ್ಟೆಂಬರ್‌ಗೆ ಬಂತು. ಸೆಪ್ಟೆಂಬರ್ 14, ಸಿಯಾಟಲ್‌ನ ಲ್ಯೂಮೆನ್ ಫೀಲ್ಡ್. ನಾವು 24, ಅವರು 19. ಕೊನೆಯ ನಿಮಿಷದಲ್ಲಿ ಚೆಂಡು ಅವರ ಕೈಯಲ್ಲಿ, ನಮ್ಮ ಗೆರೆಗೆ ಒಂದೇ ಯಾರ್ಡ್ ದೂರ. ನಾಲ್ಕನೇ ಡೌನ್. ಹಿಂದಿನ ವರ್ಷ ಅದೇ ನಾಲ್ಕನೇ ಡೌನ್, ಅದೇ ಒಂದು ಯಾರ್ಡ್ ನಮ್ಮನ್ನು ಸೋಲಿಸಿತ್ತು. ಈ ಸಲ ನಮ್ಮ ಹುಡುಗರು ಹಿಡಿದು ಬೀಳಿಸಿದರು. ನಾನು ಎಷ್ಟು ಕೂಗಿದೆ ಅಂದ್ರೆ ಸೋಮವಾರದ ಮೀಟಿಂಗಿನಲ್ಲಿ ಗಂಟಲೇ ಇರಲಿಲ್ಲ. ಮರುವರ್ಷ ಪುಲ್‌ಮನ್‌ನಲ್ಲಿ ಚೆನ್ನಾಗಿ ಹೊಡೆಸಿಕೊಂಡ್ವಿ, ಅದು ಬೇರೆ ಮಾತು.

ಮನೆಗೆ ಹೊಸಬರು ಬರಲು ಒಪ್ಪಿದ್ದಾರೆ. ಬಾಯ್ಸಿ ಸ್ಟೇಟ್, ಕೊಲರಾಡೊ ಸ್ಟೇಟ್, ಫ್ರೆಸ್ನೊ ಸ್ಟೇಟ್, ಸ್ಯಾನ್ ಡಿಯಾಗೊ ಸ್ಟೇಟ್, ಯೂಟಾ ಸ್ಟೇಟ್, ಟೆಕ್ಸಸ್ ಸ್ಟೇಟ್. ಹಳೇ ಇಬ್ಬರೂ ಸೇರಿದರೆ ಫುಟ್‌ಬಾಲಿಗೆ ಎಂಟು. ಒಕ್ಕೂಟ ಅನ್ನಿಸಿಕೊಳ್ಳಲು ಬೇಕಾದಷ್ಟು ಸರಿಯಾಗಿ. ಹೊಸ ಸಂಸಾರ ಶುರುವಾಗೋದು 2026ಕ್ಕೆ. ದೊಡ್ಡ ಹೆಸರಿನವರು ಯಾರೂ ಇಲ್ಲ. ಎಲ್ಲಾ ನಮ್ಮಂಥವರೇ.

2024ರ ಆ ಗೆಲುವಿನ ರಾತ್ರಿ ಅಣ್ಣನಿಗೆ ವಾಟ್ಸಾ್ಯಪ್‌ನಲ್ಲಿ "ಗೆದ್ವಿ" ಅಂತ ಹಾಕಿದ್ದೆ. ಅವನಿಗೆ ಈ ಆಟದ ತಲೆಬುಡ ಗೊತ್ತಿಲ್ಲ. ಆದರೆ ಉತ್ತರ ತಕ್ಷಣ ಬಂತು, ಒಂದು ಫೋಟೋ. ತೋಟದ ಬದುವಿನಲ್ಲಿ ಸಾಲಾಗಿ ಇಟ್ಟ ತೆಂಗಿನ ಸಸಿಗಳು, ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತ ಅಮ್ಮ. ಕೆಳಗೆ ಒಂದು ಸಾಲು: "ಐವತ್ತು ಸಸಿ ಇಟ್ಟೆ. ಫಲಕ್ಕೆ ಆರೇಳು ವರ್ಷ ಬೇಕು. ಮೋಟ್ರು ಚೆನ್ನಾಗಿ ಓಡ್ತಾ ಐತೆ."